ಆ ಬಾಂಡ್ ಪೇಪರಿಗೆ ಸಹಿ ಹಾಕುವ ಮೊದಲು

ಪ್ರಶ್ನೆ: ಕರ್ತನ ನಾಮದಲ್ಲಿ ವಂದನೆಗಳು. ನಾವು ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಹಳ್ಳಿಯವರು, ಮೆಥಡಿಸ್ಟ್ ಸಭೆಗೆ ಹೋಗುತ್ತೇವೆ. ಅಪ್ಪ ತೀರಿಕೊಂಡು ಮೂರು ವರ್ಷ, ಅವ್ವ ತೀರಿಕೊಂಡು ಏಳು ತಿಂಗಳು. ನನಗೆ 20, ತಮ್ಮನಿಗೆ 16 (ಪಿಯುಸಿ ಮೊದಲ ವರ್ಷ), ತಂಗಿಗೆ 11. ನಾನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ, ಭಾನುವಾರವೂ ಹೋಗಬೇಕು. ಅಪ್ಪನ ಎರಡು ಎಕರೆ ಹೊಲವನ್ನು ಕಾಕಾ ಮಾಡುತ್ತಿದ್ದಾರೆ. ಬಾಂಡ್ ಪೇಪರಿಗೆ ಸಹಿ ಹಾಕು, ನಿಮ್ಮನ್ನು ನಾನೇ ನೋಡಿಕೊಳ್ಳುತ್ತೇನೆ ಅನ್ನುತ್ತಾರೆ. ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು ಎಂದು ಸಭೆಯ ಹಿರಿಯರೊಬ್ಬರು ಹೇಳಿದರು. ತಂಗಿಯನ್ನು ಹೈದರಾಬಾದಿನ ಒಂದು ಹಾಸ್ಟೆಲಿಗೆ ಕಳಿಸು ಎನ್ನುವವರೂ ಇದ್ದಾರೆ. ತಮ್ಮ ಕಾಲೇಜು ಬಿಟ್ಟು ಗ್ಯಾರೇಜಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಅವ್ವನ ಸಂಘದ ಸಾಲ ಬಾಕಿ ಇದೆ. ದಶಮಾಂಶ (ದುಡಿಮೆಯ ಹತ್ತನೇ ಒಂದು ಪಾಲಿನ ಕಾಣಿಕೆ) ಕೊಡಲಾಗುತ್ತಿಲ್ಲ. ತಂಗಿ ಪ್ರಾರ್ಥನೆಗೆ ಕೂರುತ್ತಿಲ್ಲ. ಹಿಂದೂ ಅಂತ ಬರೆಸಿ ಎಸ್‌ಸಿ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಎಂದು ಏಜೆಂಟನೊಬ್ಬ ಬಂದಿದ್ದ. ಕ್ರೈಸ್ತರಾಗಿ ಸರಿಯಾಗಿ ನಡೆದುಕೊಂಡು ಮೂವರೂ ಒಂದೇ ಮನೆಯಲ್ಲಿ ಬದುಕುವುದು ಹೇಗೆ?

ಉತ್ತರ: ಆ ಬಾಂಡ್ ಪೇಪರಿಗೆ ಸಹಿ ಹಾಕಬೇಡಿ. ತಮ್ಮನಿಂದಲೂ ಹಾಕಿಸಬೇಡಿ. ಖಾಲಿ ಹಾಳೆ, ‘ಬರೀ ಸಾಕ್ಷಿಗೆ ಒಂದು ಸಹಿ’, ಹೆಬ್ಬೆಟ್ಟು, ಮೊಬೈಲಿಗೆ ಬಂದ ಓಟಿಪಿ ಹೇಳುವುದು, ಯಾವುದೂ ಬೇಡ. ನಿಮ್ಮ ಕಾಕಾ ಕೆಟ್ಟವರೆಂದು ಇದರ ಅರ್ಥವಲ್ಲ. ಅವರು ನಿಜವಾಗಿಯೂ ನಿಮ್ಮನ್ನು ನೋಡಿಕೊಳ್ಳುವವರಾದರೆ ಅದಕ್ಕೆ ನಿಮ್ಮ ಸಹಿ ಬೇಕಾಗಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಕಲೆತುಹೋಗಿವೆ. ಕ್ಷಮಿಸುವುದು ಒಂದು, ಹಕ್ಕು ಬಿಟ್ಟುಕೊಡುವುದು ಇನ್ನೊಂದು. ನಿಮಗಾದ ಅನ್ಯಾಯವನ್ನು ನೀವು ಕ್ಷಮಿಸಬಹುದು, ನಿಮ್ಮ ಪಾಲನ್ನು ಬೇಕಾದರೆ ದಾನವಾಗಿಯೂ ಕೊಡಬಹುದು. ತಮ್ಮ ತಂಗಿಯ ಪಾಲನ್ನು ಬಿಟ್ಟುಕೊಡುವ ಅಧಿಕಾರ ನಿಮಗೆ ಕಾನೂನಿನಲ್ಲಿಯೂ ಇಲ್ಲ, ಬೈಬಲಿನಲ್ಲಿಯೂ ಇಲ್ಲ.

ಮೊದಲು ಕಾನೂನು ನೋಡೋಣ. ಕ್ರೈಸ್ತರ ಆಸ್ತಿ ಹಂಚಿಕೆಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡಾಗ ಅವರ ಆಸ್ತಿಯ ಮೂರನೇ ಒಂದು ಭಾಗ ಅವ್ವನಿಗೆ, ಉಳಿದ ಎರಡು ಭಾಗ ಮೂವರು ಮಕ್ಕಳಿಗೆ ಸಮನಾಗಿ ಬಂತು. ಗಂಡು ಹೆಣ್ಣು ಎಂಬ ಭೇದ ಇಲ್ಲಿ ಇಲ್ಲ. ಅವ್ವ ತೀರಿದ ಮೇಲೆ ಅವರ ಭಾಗವೂ ನಿಮ್ಮ ಮೂವರಿಗೇ. ಲೆಕ್ಕ ಹಾಕಿದರೆ ಎರಡು ಎಕರೆ ಅಂದರೆ 80 ಗುಂಟೆಯಲ್ಲಿ ತಲೆಗೆ 26 ಗುಂಟೆ ಚಿಲ್ಲರೆ. ಮಕ್ಕಳಿರುವಾಗ ಸತ್ತವರ ಅಣ್ಣತಮ್ಮಂದಿರಿಗೆ ಅವರ ಆಸ್ತಿಯಲ್ಲಿ ಪಾಲು ಬರುವುದಿಲ್ಲ. ನಾಳೆ ನೀವು ಮದುವೆಯಾಗಿ ಹೋದರೂ ನಿಮ್ಮ ಪಾಲು ಹೋಗುವುದಿಲ್ಲ.

ನಮ್ಮ ಭಾಗದಲ್ಲಿ ಲೆಕ್ಕ ತಪ್ಪುವುದು ಪಹಣಿಯಲ್ಲಿ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆಯೇ ನೋಡಿ. ಅಜ್ಜ ಬದುಕಿದ್ದರೆ ಆ ಹೊಲ ಅವರದು, ನೀವು ಈಗಲೇ ಪಾಲು ಕೇಳಲು ಬರುವುದಿಲ್ಲ. ಅವರು ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಅಜ್ಜ ಉಯಿಲಿಲ್ಲದೆ ತೀರಿಕೊಂಡಿದ್ದರೆ (ಅಜ್ಜಿ ಇದ್ದರೆ ಆಕೆಯ ಮೂರನೇ ಒಂದು ಭಾಗ ತೆಗೆದು) ಉಳಿದದ್ದು ಅವರ ಎಲ್ಲ ಮಕ್ಕಳಿಗೆ ಸಮಪಾಲು. ಕಾಕಾನಿಗೆ ಒಂದು, ನಿಮ್ಮ ಅಪ್ಪನಿಗೆ ಒಂದು, ಅತ್ತೆಯಂದಿರಿದ್ದರೆ ಅವರಿಗೂ ಒಂದೊಂದು. ಅಪ್ಪ ಅಜ್ಜನಿಗಿಂತ ಮೊದಲೇ ತೀರಿದ್ದರೂ ಅವರ ಪಾಲು ನಿಮಗೆ ಇಳಿದು ಬರುತ್ತದೆ. ಆದ್ದರಿಂದ ‘ಎರಡು ಎಕರೆ ಪೂರ್ತಿ ನಮ್ಮದು’ ಎಂದು ಜಗಳಕ್ಕೆ ನಿಲ್ಲುವ ಮೊದಲು ಪಹಣಿ, ಹಳೆಯ ಮುಟೇಶನ್ (ಹೆಸರು ಬದಲಾವಣೆ) ನಕಲು ತೆಗೆಸಿ ಓದಿ. ಬೇರೆಯವರ ಪಾಲನ್ನು ನಮ್ಮದೆನ್ನುವುದೂ ತಪ್ಪೇ.

ತಮ್ಮ ತಂಗಿ ಅಪ್ರಾಪ್ತರು. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ ಪ್ರಕಾರ, ನ್ಯಾಯಾಲಯವೇ ನೇಮಿಸಿದ ಪಾಲಕರೂ ನ್ಯಾಯಾಲಯದ ಅನುಮತಿ ಇಲ್ಲದೆ ಮಕ್ಕಳ ಜಮೀನನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ದಾನ ಕೊಡುವಂತಿಲ್ಲ. ಹಾಗಿರುವಾಗ ಅಕ್ಕ ಎಂಬ ಕಾರಣಕ್ಕೆ ನೀವೋ, ಕಾಕಾ ಎಂಬ ಕಾರಣಕ್ಕೆ ಅವರೋ ಬರೆದುಕೊಟ್ಟ ಕಾಗದದಿಂದ ಆ ಪಾಲು ದಾಟಿ ಹೋಗುವುದಿಲ್ಲ. ಆ ಕಾಗದದಿಂದ ನಿಜವಾಗಿ ಹೋಗುವುದು ನಿಮ್ಮ ಸ್ವಂತ 26 ಗುಂಟೆ, ಅದರ ಜೊತೆ ಮುಂದೆ ತಮ್ಮ ತಂಗಿಗೆ ಹತ್ತು ವರ್ಷದ ವ್ಯಾಜ್ಯ.

ಈಗ ಹಿರಿಯರು ಹೇಳಿದ ಮಾತು. ಅವರು 1 ಕೊರಿಂಥ 6ನೇ ಅಧ್ಯಾಯ ಮನಸ್ಸಿನಲ್ಲಿಟ್ಟುಕೊಂಡು ಹೇಳಿರಬೇಕು. ಪೌಲನು ಅಲ್ಲಿ ಸಹೋದರರು ಒಬ್ಬರ ಮೇಲೊಬ್ಬರು ದಾವೆ ಹೂಡುವುದನ್ನು ಖಂಡಿಸುತ್ತಾನೆ, ಅನ್ಯಾಯವನ್ನು ಸಹಿಸಬಾರದೇಕೆ ಎಂದೂ ಕೇಳುತ್ತಾನೆ. ಆದರೆ ಅದೇ ಅಧ್ಯಾಯದ 5ನೇ ವಚನದಲ್ಲಿ, ಸಹೋದರರ ನಡುವೆ ತೀರ್ಪು ಹೇಳಬಲ್ಲ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು ಸಭೆಯನ್ನೇ ಕೇಳುತ್ತಾನೆ. 8ನೇ ವಚನದಲ್ಲಿ ಅನ್ಯಾಯ ಮಾಡುವ ಸಹೋದರನನ್ನು ಗದರಿಸುತ್ತಾನೆ. ಅಂದರೆ ಕೋರ್ಟು ಬೇಡ ಎನ್ನುವ ಸಭೆ ತಾನೇ ಕೂತು ನ್ಯಾಯ ಹೇಳಬೇಕು. ಬರೀ ಚಿಕ್ಕವರಿಗೆ ‘ಸಹಿಸಿಕೊಳ್ಳಿ’ ಎಂದು ಹೇಳಿ ಏಳುವುದು ಆ ಅಧ್ಯಾಯವನ್ನು ಅರ್ಧ ಓದಿದಂತೆ. ಪೌಲನೂ ರೋಮಿನ ಅಧಿಪತಿ ಫೆಸ್ತನ ಮುಂದೆ ಕೈಸರನಿಗೆ (ಚಕ್ರವರ್ತಿಗೆ) ಮೇಲ್ಮನವಿ ಮಾಡಿಕೊಂಡವನೇ (ಅಪೊಸ್ತಲರ ಕೃತ್ಯಗಳು 25:11).

ಅರಣ್ಯಕಾಂಡ 27ನೇ ಅಧ್ಯಾಯ ನಿಮ್ಮದೇ ಪ್ರಕರಣ. ಅಪ್ಪ ಸತ್ತ, ಅಣ್ಣತಮ್ಮಂದಿರಿಲ್ಲದ ಚಲ್ಪಹಾದನ ಐವರು ಹೆಣ್ಣುಮಕ್ಕಳು ಗುಡಾರದ ಬಾಗಿಲಲ್ಲಿ ಮೋಶೆ, ಯಾಜಕ, ಕುಲಾಧಿಪತಿಗಳು, ಸರ್ವಸಮೂಹದ ಮುಂದೆ ನಿಂತು ಅಪ್ಪನ ಪಾಲು ಕೇಳಿದರು. ಅವರು ಕೇಳಿದ್ದು ನ್ಯಾಯ ಎಂದು ದೇವರೇ ಹೇಳಿದ. ಮುಂದಿನ ಸಲ ಯಾರಾದರೂ 1 ಕೊರಿಂಥ 6 ತೆಗೆದರೆ ನೀವು ಇದನ್ನು ತೆಗೆಯಿರಿ.

ಕಾಕಾನ ಹತ್ತಿರ ಮಾತಾಡುವ ಕ್ರಮ ಮತ್ತಾಯ 18:15-17ರಲ್ಲಿದೆ: ಮೊದಲು ಒಬ್ಬರೇ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ, ಆಮೇಲೆ ಸಭೆಯ ಮುಂದೆ. ಒಬ್ಬರೇ ಹೋಗುವಾಗ ಹಗಲು ಹೊತ್ತಿನಲ್ಲಿ ಹೋಗಿ, ಕಾಕಿ ಮನೆಯಲ್ಲಿರುವಾಗ ಮಾತೆತ್ತಿ. ಮಾತು ಉದ್ದ ಬೇಡ: “ಕಾಕಾ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಖರೆ, ತಮ್ಮ ತಂಗಿ ಸಣ್ಣೋರು ಹಾರ. ಅವರ ಪಾಲಿಗಿ ನಾ ಸಹಿ ಮಾಡ್ಲಾಕ ಬರಲ್ಲ. ಮೊದಲ ವಾರಸಾ ಆಗ್ಲಿ.” ಇಷ್ಟು ಹೇಳಿ ಬನ್ನಿ. ಈ ವರ್ಷದ ಬೆಳೆಯನ್ನು ಅವರೇ ಮಾಡಲಿ, ಆದರೆ ಬೀಜ, ಗೊಬ್ಬರ, ಕೂಲಿ, ಎಷ್ಟು ಚೀಲ ತೊಗರಿ, ಯಾವ ದರಕ್ಕೆ ಹೋಯಿತು ಎಂಬುದು ಒಂದು ನೋಟ್‌ಬುಕ್ಕಿನಲ್ಲಿ ಇರಲಿ, ನಿಮ್ಮ ಪಾಲಿನ ದುಡ್ಡು ಖಾತೆಗೆ ಬರಲಿ. ಲಾವಣಿ ಪತ್ರ, ಗುತ್ತಿಗೆ ಪತ್ರ ಎಂದು ಏನನ್ನೂ ಬರೆದುಕೊಡಬೇಡಿ. ಕರ್ನಾಟಕದ ಭೂಸುಧಾರಣಾ ಕಾಯ್ದೆ ಕೃಷಿ ಜಮೀನಿನ ಗೇಣಿಗೆ ಅಡ್ಡಿ ಹಾಕಿದೆ, ಅಂಥ ಕಾಗದ ಮುಂದೆ ತೊಡಕಾಗುತ್ತದೆ.

ಪೌತಿ ಖಾತೆ (ತೀರಿದವರ ಹೊಲವನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸುವುದಕ್ಕೆ ಯಾರ ಮೇಲೂ ದಾವೆ ಹಾಕಬೇಕಾಗಿಲ್ಲ. ಮಕ್ಕಳ ಪಾಲಕತ್ವಕ್ಕೆ ನ್ಯಾಯಾಲಯದಲ್ಲಿ ಕೊಡುವ ಅರ್ಜಿಯೂ ಕಾಕಾನ ವಿರುದ್ಧದ ದೂರಲ್ಲ. 18 ದಾಟಿದ ನೀವೇ ಪಾಲಕಿಯಾಗಲು ಅರ್ಜಿ ಹಾಕಬಹುದು. ನ್ಯಾಯಾಲಯ ಮಗುವಿನ ಹಿತ, ವಯಸ್ಸು, ಧರ್ಮ, ರಕ್ತಸಂಬಂಧ ನೋಡುತ್ತದೆ, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೇಳುತ್ತದೆ. ವಕೀಲರ ಫೀ ಎಂದು ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಬಿಳಿ ಹಾಳೆಯ ಮೇಲೆ ಅರ್ಜಿ ಕೊಟ್ಟರೆ ಸಾಕು. ಸಹಾಯವಾಣಿ 15100.

ಕಾಗದಪತ್ರಗಳಿಗೆ ಒಂದು ಅನುಕ್ರಮ ಇದೆ, ಅದು ತಪ್ಪಿದರೆ ಕಚೇರಿಯಿಂದ ಕಚೇರಿಗೆ ಹೈರಾಣಾಗುತ್ತೀರಿ. ಮೊದಲು ಇಬ್ಬರ ಮರಣ ಪ್ರಮಾಣ ಪತ್ರ. ಅಪ್ಪನ ಮರಣವನ್ನು ಆಗ ನೋಂದಾಯಿಸಿರದಿದ್ದರೆ, ವರ್ಷ ದಾಟಿರುವುದರಿಂದ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕೆ ಸಭೆಯ ಸಮಾಧಿ ರಿಜಿಸ್ಟರಿನ ನಕಲು ಒಳ್ಳೆಯ ಪುರಾವೆ, ಪಾಸ್ಟರರ ಸಹಿ ಮೊಹರಿನೊಂದಿಗೆ ಇಂದೇ ಕೇಳಿ ಪಡೆಯಿರಿ. ಆಮೇಲೆ ನಾಡಕಚೇರಿಯಲ್ಲಿ ವಂಶಾವಳಿ ಮತ್ತು ಕುಟುಂಬದ ಜೀವಂತ ಸದಸ್ಯರ ಪ್ರಮಾಣ ಪತ್ರ. ಆಮೇಲೆ ಹೊಲಕ್ಕೆ ಪೌತಿ ಖಾತೆ, ಮನೆಗೆ ಪಂಚಾಯಿತಿಯಲ್ಲಿ ಖಾತೆ ಬದಲಾವಣೆ. ಪಹಣಿಯಲ್ಲಿ ಮೂವರ ಹೆಸರೂ ಬರಬೇಕು. ‘ಸದ್ಯಕ್ಕೆ ದೊಡ್ಡವಳ ಹೆಸರು ಸಾಕು’ ಎಂದರೆ ಒಪ್ಪಬೇಡಿ.

ಇಲ್ಲಿ ಕೆಲಸ ನಿಲ್ಲುವುದು ಬಹುಪಾಲು ಹೆಸರಿನಿಂದ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಸಾಮುವೇಲ, ಆಧಾರಿನಲ್ಲಿ ಶಾಮುವೆಲ್, ಪಹಣಿಯಲ್ಲಿ ಶ್ಯಾಮಪ್ಪ. ಮೂರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಜೊತೆಗೆ ದೀಕ್ಷಾಸ್ನಾನದ ಪ್ರಮಾಣ ಪತ್ರ ಇಡಿ. ಎಲ್ಲದರ ಐದೈದು ಝೆರಾಕ್ಸ್ ಮಾಡಿಸಿ, ಮೂಲ ಪ್ರತಿಗಳನ್ನು ಯಾರ ಕೈಗೂ, ಕಾಕಾನ ಕೈಗೂ ಏಜೆಂಟನ ಕೈಗೂ, ಕೊಡಬೇಡಿ.

ರೇಷನ್ ಕಾರ್ಡಿನಿಂದ ಅವ್ವನ ಹೆಸರು ತೆಗೆಸಿ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯಲ್ಲಿ 18 ತುಂಬಿದ ಹಿರಿಯ ಮಹಿಳೆಯೇ ಕಾರ್ಡಿನ ಯಜಮಾನಿ, ಅಂದರೆ ನೀವು. ಅದಾದ ಮೇಲೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಗೆ ನಿಮ್ಮ ಹೆಸರಲ್ಲಿ ಅರ್ಜಿ ಹಾಕಿ. ಆದರೆ ಒಂದು ಮುಳ್ಳು ಇದೆ. ಈ ಏಳು ತಿಂಗಳಲ್ಲಿ ಅವ್ವನ ಖಾತೆಗೆ ಗೃಹಲಕ್ಷ್ಮಿ, ವಿಧವಾ ವೇತನ ಬರುತ್ತಲೇ ಇದ್ದರೆ, ಅವ್ವನ ಎಟಿಎಂ ಕಾರ್ಡಿನಿಂದ ಅದನ್ನು ತೆಗೆಯಬೇಡಿ. ಹಸಿದ ಮನೆಯಲ್ಲಿ ಇದು ಕಳವು ಎಂದು ಅನಿಸುವುದೇ ಇಲ್ಲ, ಬಲ್ಲೆ. ಆದರೂ ಸತ್ತವರ ಹೆಸರಲ್ಲಿ ತೆಗೆದ ದುಡ್ಡು ವಸೂಲಿಯಾಗುತ್ತದೆ, ನಿಮ್ಮ ಹೊಸ ಅರ್ಜಿಗೂ ಅಡ್ಡ ಬರುತ್ತದೆ. ಈಗಾಗಲೇ ತೆಗೆದಿದ್ದರೆ ಗೃಹಲಕ್ಷ್ಮಿಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ, ಪಿಂಚಣಿಗೆ ನಾಡಕಚೇರಿಯಲ್ಲಿ, ಮರಣದ ದಿನಾಂಕ ಬರೆದು ಅರ್ಜಿ ಕೊಟ್ಟು ಕಂತಿನಲ್ಲಿ ತುಂಬುತ್ತೇನೆಂದು ಕೇಳಿ, ಸ್ವೀಕೃತಿ ಇಟ್ಟುಕೊಳ್ಳಿ. ಕ್ರೈಸ್ತ ನಡೆ ಎಂದು ಕೇಳಿದಿರಲ್ಲ, ದೊಡ್ಡ ಪರೀಕ್ಷೆಗಳಿಗಿಂತ ಇಂಥ ಕಡೆಯೇ ಅದು ಕಷ್ಟ.

ಅಪ್ಪ ಅವ್ವನ ಪಾಸ್‌ಬುಕ್ ತೆಗೆದು ಮೇ ಕೊನೆ, ಜೂನ್ ಆರಂಭದ ಸಾಲುಗಳನ್ನು ಬೆರಳಿಟ್ಟು ಓದಿ. 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನ ಜ್ಯೋತಿ ವಿಮೆ, ಯಾವ ಕಾರಣದ ಸಾವಿಗೂ 2 ಲಕ್ಷ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ, ಅಪಘಾತದ ಸಾವಿಗೆ 2 ಲಕ್ಷ. ಎಷ್ಟೋ ಮನೆಗಳಲ್ಲಿ ಇದನ್ನು ಯಾರೂ ನೋಡುವುದೇ ಇಲ್ಲ. ಅದೇ ಬ್ಯಾಂಕ್ ಶಾಖೆಯಲ್ಲಿ ಕ್ಲೇಮ್ ಫಾರಂ ಕೇಳಿ, ತಡ ಮಾಡಬೇಡಿ. ಅಪ್ಪ ಗೌಂಡಿ ಕೆಲಸ ಮಾಡಿ ಕಟ್ಟಡ ಕಾರ್ಮಿಕರ ಕಾರ್ಡ್ ಹೊಂದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ಕಾರ್ಖಾನೆಯಲ್ಲಿದ್ದು ಪಿಎಫ್ ಕಡಿತವಾಗುತ್ತಿದ್ದರೆ, 25 ವರ್ಷದವರೆಗಿನ ಅನಾಥ ಮಕ್ಕಳಿಗೆ, ಒಮ್ಮೆಗೆ ಇಬ್ಬರಿಗೆ, ಪಿಂಚಣಿ ಇದೆ.

ತಿಂಗಳ ಖರ್ಚಿಗೆ ನಿಜವಾದ ಆಸರೆ ಪ್ರಾಯೋಜಕತ್ವ ಯೋಜನೆ. ಕೇಂದ್ರದ ಮಿಷನ್ ವಾತ್ಸಲ್ಯದಡಿ ಮಗು ಮನೆಯಲ್ಲೇ ಉಳಿದು ಓದಲು ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ, 18 ತುಂಬುವವರೆಗೆ. ಕುಟುಂಬದ ವಾರ್ಷಿಕ ಆದಾಯದ ಮಿತಿ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000. ಬೀದರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮರಣ ಪತ್ರಗಳು, ಆಧಾರ್, ವ್ಯಾಸಂಗ ಪ್ರಮಾಣ ಪತ್ರ, ಆದಾಯ ಪತ್ರ, ಮಕ್ಕಳ ಬ್ಯಾಂಕ್ ಖಾತೆ ಒಯ್ಯಿರಿ. ಮಕ್ಕಳ ಕಲ್ಯಾಣ ಸಮಿತಿ ತಮ್ಮ ತಂಗಿಯನ್ನು ನೋಡಬೇಕಾಗುತ್ತದೆ, ಇಬ್ಬರನ್ನೂ ಕರೆದುಕೊಂಡು ಹೋಗಿ. ಪಗಾರ ಮಿತಿಯ ಅಂಚಿನಲ್ಲಿದ್ದರೆ ಕಡಿಮೆ ಬರೆಸಬೇಡಿ, ಮನೆಯ ಸ್ಥಿತಿಯನ್ನು ಸಮಿತಿಯ ಮುಂದೆ ಇದ್ದಂತೆ ಹೇಳಿ. ದುಡ್ಡು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬೀಳುತ್ತದೆ. ಬರುತ್ತದೆಂಬ ಭರವಸೆಯ ಮೇಲೆ ಕಿರಾಣಿಯಲ್ಲಿ ಉದ್ರಿ ಬೆಳೆಸಬೇಡಿ.

ಮೂವರ ಊಟದ ಲೆಕ್ಕ ಒಂದು ಅಂದಾಜಿಗೆ: ಒಂದು ಕೆಜಿ ಜೋಳದ ಹಿಟ್ಟಿಗೆ 16ರಿಂದ 18 ರೊಟ್ಟಿ. ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ರೇಷನ್ ಅಕ್ಕಿ ಎಂದರೆ ತಿಂಗಳಿಗೆ 15ರಿಂದ 18 ಕೆಜಿ ಜೋಳ, ನಾಲ್ಕೂವರೆ ಕೆಜಿ ಬೇಳೆ, ಒಂದೂವರೆ ಲೀಟರ್ ಎಣ್ಣೆ. ಹೊಲದ ತೊಗರಿಯಲ್ಲಿ ವರ್ಷಕ್ಕೆ ಒಂದು ಚೀಲ ಮನೆಗೇ ಬರಲಿ ಎಂದು ಕಾಕಾನ ಹತ್ತಿರ ಕೇಳುವುದು ಹಣ ಕೇಳುವುದಕ್ಕಿಂತ ಸುಲಭ. ಬೇಳೆಯ ಖರ್ಚು ಅಷ್ಟರಲ್ಲೇ ಮುಗಿಯುತ್ತದೆ.

ತಂಗಿಯ ವಿಷಯದಲ್ಲಿ ನನ್ನ ಮಾತು ಗಟ್ಟಿ: ಹೈದರಾಬಾದಿಗೆ ಕಳಿಸಬೇಡಿ. 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಸಂಸ್ಥೆಗೆ ಸೇರಿಸುವುದನ್ನು ಕಟ್ಟಕಡೆಯ ದಾರಿ ಎಂದು ಇಟ್ಟಿದೆ. ಅನಾಥ ಮಕ್ಕಳನ್ನಿಡುವ ಯಾವುದೇ ಮನೆ, ಅದರ ಮೇಲೆ ಶಿಲುಬೆ ಇದ್ದರೂ, ಆ ಕಾಯ್ದೆಯಡಿ ನೋಂದಣಿ ಆಗಿರಬೇಕು, ಮಗು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಿಂದಲೇ ಸೇರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಿದಾಗ ‘ನಾವು ಸೇವೆ ಮಾಡುವವರು, ಕಾಗದ ಯಾಕೆ’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ಮಗುವಿನ ಫೋಟೊ ತೆಗೆದು ಹೊರದೇಶಕ್ಕೆ ಕಳಿಸಿ ದೇಣಿಗೆ ಎತ್ತುವ ಹಾಸ್ಟೆಲುಗಳಿವೆ. ಬಾಂಡ್ ಪೇಪರಿನ ಮೇಲೆ ‘ದತ್ತು’ ಬರೆದುಕೊಡುವುದಂತೂ ಅಪರಾಧ. ಓದಿಗಾಗಿ ಹಾಸ್ಟೆಲ್ ಬೇಕೆನಿಸಿದರೆ ಆರನೇ ತರಗತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಸಿ, ಕ್ರೈಸ್ತ ಮಕ್ಕಳಿಗೆ ಅಲ್ಪಸಂಖ್ಯಾತರ ಇಲಾಖೆಯ ಶಾಲೆಗಳೂ ಇವೆ. ಜಿಲ್ಲೆಯೊಳಗೇ ಇದ್ದರೆ ನೀವು ಹೋಗಿ ನೋಡಿಬರಬಹುದು, ಶಕ್ತಿ ಯೋಜನೆಯಿಂದ ಬಸ್ ಚಾರ್ಜೂ ಇಲ್ಲ.

ಇದರ ಜೊತೆಗೇ ಹೇಳಬೇಕಾದದ್ದು: ಪ್ರಾರ್ಥನೆ ಮಾಡುತ್ತೇವೆ ಎಂದು ಗಂಡಸರು ಒಬ್ಬೊಬ್ಬರಾಗಿ, ಕತ್ತಲಾದ ಮೇಲೆ ಬರುವುದು ಬೇಡ. ಪಾಸ್ಟರ್ ಬಂದರೆ ಪಾಸ್ಟರಮ್ಮ ಜೊತೆಗಿರಲಿ, ಬಾಗಿಲು ತೆರೆದಿರಲಿ. ಹೀಗೆ ಕೇಳಿದರೆ ಒಳ್ಳೆಯ ಪಾಸ್ಟರ್ ಬೇಸರಪಡುವುದಿಲ್ಲ. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112 ತಂಗಿಗೆ ಬಾಯಿಪಾಠವಾಗಿರಲಿ.

ತಮ್ಮನಿಗೆ ಉಪದೇಶ ಬೇಡ, ಲೆಕ್ಕ ತೋರಿಸಿ. ಕಾಲೇಜು ಬಿಟ್ಟರೆ ಪ್ರಾಯೋಜಕತ್ವದ 4,000 ನಿಲ್ಲುತ್ತದೆ, ವಿದ್ಯಾರ್ಥಿವೇತನವೂ ನಿಲ್ಲುತ್ತದೆ. ಗ್ಯಾರೇಜಿನವರು ಕಲಿಯುವ ಹುಡುಗನಿಗೆ ಕೊಡುವ ಪಗಾರದಲ್ಲಿ ಅಷ್ಟನ್ನು ಕಳೆದರೆ ಉಳಿಯುವುದೆಷ್ಟು ಎಂದು ಅವನೇ ಬರೆಯಲಿ. ಹಟದ ಹಿಂದೆ ಇರುವುದು ಅಕ್ಕ ಒಬ್ಬಳೇ ದುಡಿಯುತ್ತಾಳೆ ಎಂಬ ನಾಚಿಕೆ. ಅದಕ್ಕೆ ಕೆಲಸ ಕೊಡಿ: ನೀರು, ಗಿರಣಿ, ಬೆಳಗಿನ ಅನ್ನ ಸಾರು ಅವನದು. ಗಂಡುಹುಡುಗ ಒಲೆ ಮುಂದೆ ಕೂತ ಎಂದು ಓಣಿಯವರು ನಕ್ಕರೆ ನಗಲಿ. ಕೈಕೆಲಸದ ಮೇಲೇ ಅವನ ಮನಸ್ಸಿದ್ದರೆ ಹುಮನಾಬಾದಿನಲ್ಲೇ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇದೆ, ಎಸ್ಸೆಸ್ಸೆಲ್ಸಿ ಮೇಲೆ ಡಿಪ್ಲೊಮಾಕ್ಕೆ ಸೇರಬಹುದು. ಐಟಿಐ ಇನ್ನೊಂದು ದಾರಿ. ಗ್ಯಾರೇಜಿಗೆ ಬೇಸಿಗೆ ರಜೆಯಲ್ಲಿ ಹೋಗಲಿ.

ಸಂಘದ ಸಾಲಕ್ಕೆ ಮೊದಲ ಪ್ರಶ್ನೆ: ಸಾಲ ಕೊಡುವಾಗ ವಿಮೆಯ ಹಣ ಕಡಿತ ಮಾಡಿದ್ದರೇ? ಮೈಕ್ರೊಫೈನಾನ್ಸ್ ಕಂಪನಿಗಳು ಸಾಮಾನ್ಯವಾಗಿ ಸಾಲಗಾರರ ಮೇಲೆ ಜೀವವಿಮೆ ಮಾಡಿಸುತ್ತವೆ, ಸಾಲಗಾರರು ತೀರಿದರೆ ಬಾಕಿ ಅದರಿಂದ ಚುಕ್ತಾ ಆಗಬೇಕು. ಸಾಲದ ಕಾರ್ಡಿನಲ್ಲಿ ಆ ಸಾಲು ಹುಡುಕಿ, ಮರಣ ಪತ್ರ ಕೊಟ್ಟು ಲಿಖಿತವಾಗಿ ಕೇಳಿ. ವಿಮೆ ಇಲ್ಲದಿದ್ದರೂ ಅವ್ವನ ಸಾಲಕ್ಕೆ ನೀವು ಹೊಣೆಯಾಗುವುದು ಅವ್ವನಿಂದ ನಿಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ‘ನಿನ್ನ ಹೆಸರಲ್ಲಿ ಹೊಸ ಸಾಲ ತೆಗೆದು ಹಳೆಯದನ್ನು ಮುಚ್ಚು’ ಎನ್ನುವುದೇ ದೊಡ್ಡ ಬಲೆ. ಆಗ ಅವ್ವನ ಸಾಲ ನಿಜವಾಗಿಯೂ ನಿಮ್ಮದಾಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ವಸೂಲಿಯವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಮನೆ ಮುಂದೆ ಕೂತು ಬೈದರೆ 2025ರಲ್ಲಿ ಬಂದ ರಾಜ್ಯದ ಕಿರುಸಾಲ ಕಾನೂನಿನಡಿ ಪೊಲೀಸ್ ಠಾಣೆಗೆ ದೂರು ಕೊಡಿ.

ಆದರೆ ಅವ್ವನ ಕಂತನ್ನು ಈಗ ಕೈಯಿಂದ ತುಂಬುತ್ತಿರುವ ಗುಂಪಿನ ಹೆಂಗಸರಿದ್ದರೆ, ನೆರೆಯವರ ಕೈಗಡ ಇದ್ದರೆ, ಅದು ಬೇರೆ ಮಾತು. ಕಾನೂನು ಒತ್ತಾಯಿಸದಿದ್ದರೂ ಅದನ್ನು ತೀರಿಸುವುದು ಸರಿ ಎಂದು ನನಗನಿಸುತ್ತದೆ. ವಿಮೆಯ ದುಡ್ಡು ಬಂದಾಗ ಮೊದಲ ಪಾಲು ಅವರಿಗೆ ಹೋಗಲಿ. 2 ಅರಸು 4ರಲ್ಲಿ ಎಲೀಷನು, ಸಾಲ ಕೊಟ್ಟವನು ಮಕ್ಕಳನ್ನೇ ಒಯ್ಯಲು ಬಂದಿದ್ದ ವಿಧವೆಗೆ, ಹೇಳಿದ್ದು ಇದೇ ಕ್ರಮ: ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬಾಳಿ.

ದಶಮಾಂಶ ಕೊಡಲಾಗದಿದ್ದಕ್ಕೆ ನಿಮಗೆ ಅಪರಾಧಭಾವ ಬೇಡ. ಧರ್ಮೋಪದೇಶಕಾಂಡ 14:28-29ರಲ್ಲಿ ಮೂರನೇ ವರ್ಷದ ದಶಮಾಂಶ ಯಾರಿಗೆ ಎಂದು ಓದಿ: ಲೇವಿಯರಿಗೆ, ಪರದೇಶಿಗೆ, ತಂದೆಯಿಲ್ಲದವರಿಗೆ, ವಿಧವೆಗೆ. ಆ ಪಟ್ಟಿಯಲ್ಲಿ ನೀವು ಕೊಡುವವರಾಗಿ ಇಲ್ಲ, ತೆಗೆದುಕೊಳ್ಳುವವರಾಗಿ ಇದ್ದೀರಿ. ದಶಮಾಂಶ ತನ್ನಿರಿ ಎನ್ನುವ ಮಲಾಕಿಯ 3:10 ಎತ್ತಿ ಹೇಳುವವರಿಗೆ ಅದೇ ಅಧ್ಯಾಯದ 5ನೇ ವಚನವನ್ನೂ ಓದಲು ಹೇಳಿ, ಕೂಲಿಯವನ ಕೂಲಿ ಹಿಡಿಯುವವರ, ವಿಧವೆಯನ್ನೂ ಅನಾಥರನ್ನೂ ಬಾಧಿಸುವವರ ವಿರುದ್ಧ ದೇವರು ಸಾಕ್ಷಿ ಹೇಳುವುದು ಅಲ್ಲಿದೆ. ಕಾಣಿಕೆ ಚೀಲಕ್ಕೆ ತಂಗಿಯ ಕೈಯಿಂದ ಒಂದು ರೂಪಾಯಿ ಹಾಕಿಸುವ ಆಸೆ ನಿಮಗಿದ್ದರೆ ಹಾಕಿಸಿ. 2 ಕೊರಿಂಥ 8:12ರ ಅಳತೆ ಇರುವುದಕ್ಕೆ ತಕ್ಕಂತೆ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲ.

ಸಭೆಯ ಹತ್ತಿರ ‘ಸಹಾಯ ಮಾಡಿ’ ಎಂದು ಕೇಳಿದರೆ ‘ಪ್ರಾರ್ಥಿಸುತ್ತೇವೆ’ ಎಂಬ ಉತ್ತರ ಬರುತ್ತದೆ. ಇಂಥದ್ದು ಬೇಕು ಎಂದು ಬರೆದುಕೊಡಿ: ಆರು ತಿಂಗಳು ತಿಂಗಳಿಗೆ 10 ಕೆಜಿ ಜೋಳ, ತಮ್ಮನ ಪರೀಕ್ಷಾ ಶುಲ್ಕ, ಬೀದರಿನ ಕಚೇರಿಗಳಿಗೆ ಹೋಗುವಾಗ ಜೊತೆಗೆ ಬರಲು ಒಬ್ಬ ಹಿರಿಯರು. ಕಮಿಟಿಯ ಮುಂದೆ ಓದಿಸಿ, ನಡಾವಳಿಯಲ್ಲಿ ಬರೆಸಿ. ಮೂರನೆಯದು ಅತಿ ಮುಖ್ಯ. ಬಿಳಿ ಅಂಗಿಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತರೆ 20ರ ಹುಡುಗಿಯ ಕಡತ ಬೇಗ ಸರಿಯುತ್ತದೆ, ಇದು ನ್ಯಾಯವಲ್ಲ, ಆದರೆ ಹಾಗಿದೆ.

ಭಾನುವಾರದ್ದು ಚಿಕ್ಕ ವಿಷಯ. ಅಂಗಡಿ ಕಾಯ್ದೆಯಂತೆ ವಾರಕ್ಕೊಂದು ರಜೆ ನಿಮ್ಮ ಹಕ್ಕು, ಆದರೆ ಅದು ಭಾನುವಾರವೇ ಆಗಬೇಕೆಂದಿಲ್ಲ. ಆರಾಧನೆ ಮುಗಿಸಿ ಮಧ್ಯಾಹ್ನ 12ಕ್ಕೆ ಬಂದು ರಾತ್ರಿ ಅಂಗಡಿ ಮುಚ್ಚುವವರೆಗೆ ಇರುತ್ತೇನೆ ಎಂದು ಮಾಲೀಕರಿಗೆ ಹೇಳಿ ನೋಡಿ. ಒಪ್ಪದಿದ್ದರೆ ತಮ್ಮ ತಂಗಿ ಆರಾಧನೆಗೆ ಹೋಗಲಿ, ನೀವು ವಾರದ ನಡುವಿನ ಕೂಟಕ್ಕೆ ಹೋಗಿ. ಮನೆಯವರ ಹೊಟ್ಟೆಗಾಗಿ ದುಡಿಯುವವಳ ಮೇಲೆ ಸಬ್ಬತ್ತಿನ (ವಿಶ್ರಾಂತಿ ದಿನದ) ಹೊರೆ ಹೊರಿಸಲು, ಸಬ್ಬತ್ತು ಇರುವುದು ಮನುಷ್ಯನಿಗಾಗಿ ಎನ್ನುವ ಮಾರ್ಕ 2:27 ಬಿಡುವುದಿಲ್ಲ.

ತಂಗಿ ಪ್ರಾರ್ಥನೆಗೆ ಕೂರದಿದ್ದರೆ ಬಿಡಿ, ಪಕ್ಕದಲ್ಲಿ ಹೋಮ್‌ವರ್ಕ್ ಮಾಡಿಕೊಂಡಿರಲಿ. ‘ದೇವರಿಗೆ ಅವ್ವ ಬೇಕಾಗಿತ್ತು, ಅದಕ್ಕೇ ಕರೆದುಕೊಂಡ’ ಎಂದು ಯಾರೂ ಅವಳಿಗೆ ಹೇಳದಂತೆ ನೋಡಿಕೊಳ್ಳಿ, ಮಗು ಅದನ್ನು ಮರೆಯುವುದಿಲ್ಲ. ಬೇಥಾನ್ಯದ ಒಡಹುಟ್ಟಿದವರಲ್ಲಿ ಮಾರ್ಥಳೂ ಮರಿಯಳೂ ಇಬ್ಬರೂ ಯೇಸುವಿನ ಎದುರಿಗೇ, ನೀನು ಇಲ್ಲಿದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ ಎಂದರು (ಯೋಹಾನ 11). ಯೇಸು ಅವರನ್ನು ಗದರಲಿಲ್ಲ, ಅತ್ತನು. ಅವಳ ಸಿಟ್ಟಿಗೂ ಅಷ್ಟೇ ಜಾಗ ಇರಲಿ. ಎರಡು ಮೂರು ತಿಂಗಳಾದರೂ ಊಟ ನಿದ್ದೆ ಸರಿಹೋಗದಿದ್ದರೆ, ಶಾಲೆಗೆ ಹೋಗಲೊಲ್ಲೆ ಎಂದರೆ, ಮಕ್ಕಳ ರಕ್ಷಣಾ ಘಟಕದ ಆಪ್ತಸಮಾಲೋಚಕರಿಗೆ ತೋರಿಸಿ.

ಇನ್ನು ಏಜೆಂಟ್. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗಷ್ಟೇ ಆ ಪ್ರಮಾಣ ಪತ್ರ. ಈ ನಿಯಮ ದಲಿತ ಕ್ರೈಸ್ತರಿಗೆ ಅನ್ಯಾಯ ಎಂಬ ವಾದ ಸುಪ್ರೀಂ ಕೋರ್ಟಿನ ಮುಂದಿದೆ, ವಾದದಲ್ಲಿ ಹುರುಳೂ ಇದೆ. ಆದರೆ ಸಭೆಗೆ ಹೋಗುತ್ತ ಸೌಲಭ್ಯಕ್ಕಾಗಿ ಮಾತ್ರ ಹಿಂದೂ ಎಂದು ಬರೆಸುವುದನ್ನು 2024ರ ನವೆಂಬರಿನಲ್ಲಿ ಅದೇ ನ್ಯಾಯಾಲಯ ಪುದುಚೇರಿಯ ಪ್ರಕರಣವೊಂದರಲ್ಲಿ ಸಂವಿಧಾನಕ್ಕೆ ಮಾಡುವ ವಂಚನೆ ಎಂದಿದೆ. ಪತ್ರ ರದ್ದಾದರೆ ತಮ್ಮ ಮುಂದೆ ಪಡೆಯುವ ಸೀಟು, ನೌಕರಿ ಎರಡೂ ಹೋಗುತ್ತವೆ, ಏಜೆಂಟ್ ಆಗ ಸಿಗುವುದಿಲ್ಲ. ಸುಳ್ಳು ಹೇಳಬೇಕಾದ ಅಗತ್ಯವೂ ಇಲ್ಲ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಬಂದವರು ಪ್ರವರ್ಗ-1ರಲ್ಲಿ ಇದ್ದಾರೆ, ಉಳಿದ ಕ್ರೈಸ್ತರು 3-ಬಿಯಲ್ಲಿ. ಗುಮಾಸ್ತರು ಕ್ರೈಸ್ತ ಎಂದು ಕಂಡ ತಕ್ಷಣ 3-ಬಿ ಒತ್ತಿಬಿಡುತ್ತಾರೆ. ಅಜ್ಜನ ಅಥವಾ ಅಪ್ಪನ ಹಳೆಯ ಶಾಲಾ ದಾಖಲೆಯಲ್ಲಿ ಮೂಲ ಜಾತಿ ನಮೂದಾಗಿದ್ದರೆ ಅದರ ನಕಲು, ಸಭೆಯ ಪತ್ರ, ಎರಡನ್ನೂ ಸೇರಿಸಿ ಪ್ರವರ್ಗ-1 ಎಂದು ಅರ್ಜಿಯಲ್ಲೇ ಬರೆಯಿರಿ. ಅದೇ ಓಡಾಟದಲ್ಲಿ ಮೂವರಿಗೂ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣ ಪತ್ರಕ್ಕೆ ಅರ್ಜಿ ಹಾಕಿ. ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದವರಿಗೆ ಸೀಟಿನಲ್ಲೂ ನೌಕರಿಯಲ್ಲೂ ಅದರ ಮೀಸಲಾತಿ ಧರ್ಮ ಕೇಳದೆ ಸಿಗುತ್ತದೆ, ತಮ್ಮನ ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ಆ ಪತ್ರ ಕೈಯಲ್ಲಿರಬೇಕು.